ಮುದಿ ಬೆಕ್ಕಿನ ಹೊಟ್ಟೆ ಕೆಟ್ಟಿದೆ: ಕಾಯುವುದೋ, ಊಟ ಬದಲಿಸುವುದೋ, ಔಷಧಿ ಕೊಡುವುದೋ?

ಬಾಗಲಕೋಟೆಯಲ್ಲಿ ಹೋಳಿ ಬಂತೆಂದರೆ ರಾತ್ರಿಯೆಲ್ಲ ಹಲಗಿ ಸದ್ದು. ವಿಜಯಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುತ್ತಾರೆ. ಬೆಳಗಾವಿಯಲ್ಲಿ ಗಣಪತಿ ಕಳಿಸುವ ಮೆರವಣಿಗೆ ಸಂಜೆ ಹೊರಟರೆ ಮರುದಿನದ ತನಕ ನಡೆಯುತ್ತದೆ. ಇಂಥ ರಾತ್ರಿ ಕಳೆದು ಬೆಳಗಾದಾಗ ಹನ್ನೆರಡು ವರ್ಷದ ಬೆಕ್ಕು ಮಂಚದ ಕೆಳಗೆ ವಾಂತಿ ಮಾಡಿಕೊಂಡಿರುತ್ತದೆ, ಇಲ್ಲವೇ ಮಲಮೂತ್ರಕ್ಕೆಂದು ಇಟ್ಟ ಮರಳಿನ ಟ್ರೇ ಬಿಟ್ಟು ಬಚ್ಚಲ ಮೂಲೆಯಲ್ಲಿ ಲೋಳೆ ಬೆರೆತ ಭೇದಿ ಮಾಡಿರುತ್ತದೆ. ಮನೆಯಲ್ಲಿ ಒಬ್ಬರು ಮಜ್ಜಿಗೆ ಇಡು ಎನ್ನುತ್ತಾರೆ, ಇನ್ನೊಬ್ಬರು ಒಂದು ದಿನ ಉಪವಾಸ ಹಾಕು ಎನ್ನುತ್ತಾರೆ, ಮತ್ತೊಬ್ಬರು ಆಗಲೇ ಮೊಬೈಲಿನಲ್ಲಿ ಯಾವುದೋ ಪುಡಿ ತರಿಸಿರುತ್ತಾರೆ. ಹೀಗೆ ಎದುರಿಗಿರುವ ದಾರಿಗಳಲ್ಲಿ ಯಾವುದು ಯಾವ ಬೆಕ್ಕಿಗೆ, ಎಷ್ಟು ದಿನಕ್ಕೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇವೆ.

ಹತ್ತು ವರ್ಷ ದಾಟಿದ ಬೆಕ್ಕನ್ನು ಹಿರಿಯ ಬೆಕ್ಕು ಎಂದು ಲೆಕ್ಕ ಹಾಕಬೇಕು. ಮನುಷ್ಯರ ವಯಸ್ಸಿಗೆ ಹೋಲಿಸಿದರೆ ಹತ್ತು ವರ್ಷದ ಬೆಕ್ಕು ಸುಮಾರು 56ರದ್ದು, ಹದಿನೈದರದ್ದು 76ರದ್ದು. ಗಾಬರಿಗೂ ಹೊಟ್ಟೆಗೂ ಇರುವ ನಂಟು ಬರೀ ಊಹೆಯ ಮಾತಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 32 ಬೆಕ್ಕುಗಳನ್ನು 77 ವಾರ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಚರಿ ಕೆಟ್ಟ ವಾರಗಳಲ್ಲಿ ರೋಗವಿಲ್ಲದ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿಕೊಂಡವು, ಟ್ರೇ ಹೊರಗೆ ಹೋದವು. ವಯಸ್ಸು ಏರಿದಷ್ಟೂ ಇದು ಹೆಚ್ಚಿತು. ಕಾರಣ ಇಷ್ಟು: ಹೆದರಿಕೆಯಾದಾಗ ಮಿದುಳು ಬಿಡುವ ಹಾರ್ಮೋನುಗಳು ಜಠರದ ಕೆಲಸವನ್ನು ನಿಧಾನ ಮಾಡುತ್ತವೆ, ದೊಡ್ಡ ಕರುಳಿನ ಚಲನೆಯನ್ನು ಚುರುಕು ಮಾಡುತ್ತವೆ. ಮೇಲಿನಿಂದ ವಾಂತಿ, ಕೆಳಗಿನಿಂದ ಲೋಳೆ. ಎಳೆಯ ಬೆಕ್ಕು ಒಂದು ದಿನದಲ್ಲಿ ಸುಧಾರಿಸುತ್ತದೆ. ಮುದಿ ಬೆಕ್ಕಿನಲ್ಲಿ ಮೂತ್ರಪಿಂಡ, ಥೈರಾಯ್ಡ್, ಕೀಲು ಯಾವುದಾದರೊಂದು ಮೊದಲೇ ಸೋತಿರುವುದು ಸಾಮಾನ್ಯ. ಹಾಗಾಗಿ ಗಾಬರಿ ಎಂಬ ಹೆಸರಿಟ್ಟು ಸುಮ್ಮನಾಗುವ ಮೊದಲು ಒಂದಿಷ್ಟು ನೋಡಿಕೊಳ್ಳಬೇಕು.

ಕಾಯಲೇಬಾರದ ಸಂದರ್ಭ

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ ಎಂದರೆ ಮಲಬದ್ಧತೆ ಎಂದುಕೊಳ್ಳಬೇಡಿ. ಮೂತ್ರ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅದೇ ಗಂಟೆಯಲ್ಲಿ ಡಾಕ್ಟರ ಹತ್ತಿರ ಹೊರಡಿ. ಡಾಂಬರಿನಂತೆ ಕಪ್ಪಗಿನ ಜಿಗುಟು ಮಲ, ವಾಂತಿಯಲ್ಲಿ ರಕ್ತ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಬಾಯಿ ತೆರೆದು ಉಸಿರಾಡುವುದು, ಕಣ್ಣು ದಿಢೀರನೆ ಕಾಣದಂತಾಗುವುದು, ಎದ್ದು ನಿಲ್ಲಲಾರದಷ್ಟು ಸುಸ್ತು, ಇವು ಯಾವುದಿದ್ದರೂ ಮನೆಮದ್ದಿಗೆ ಹೊತ್ತಿಲ್ಲ.

ಇನ್ನೊಂದು ಗಡುವು ಊಟದ್ದು. 24 ಗಂಟೆ ಏನೂ ತಿನ್ನದ ಮುದಿ ಬೆಕ್ಕನ್ನು ತೋರಿಸಬೇಕು. ಎರಡು ಮೂರು ದಿನ ಹೊಟ್ಟೆಗಿಲ್ಲದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲೇ ತುಂಬಿಕೊಳ್ಳುತ್ತದೆ, ಕಾಮಾಲೆಯಾಗುತ್ತದೆ. ನಾಯಿಗೆ ಒಂದು ದಿನದ ಲಂಘನ ತಡೆಯುತ್ತದೆ, ಬೆಕ್ಕಿನ ದೇಹಕ್ಕೆ ಆ ಕಸುವಿಲ್ಲ. ‘ಒಂದು ದಿನ ಉಪವಾಸ ಹಾಕು’ ಎಂಬ ಸಲಹೆಯನ್ನು ಇಲ್ಲಿಗೇ ಬಿಡಿ. ಎರಡು ಮೂರು ಸಲ ವಾಂತಿಯಾಗಿದ್ದರೆ 3–4 ಗಂಟೆ ಊಟ ತಡೆದು ಆಮೇಲೆ ಚಮಚದಷ್ಟು ಕೊಡುವುದು ಸರಿ. ನೀರನ್ನು ಮಾತ್ರ ಯಾವಾಗಲೂ ತೆಗೆಯಬಾರದು.

ಹಬ್ಬದ ಮರುದಿನದ ವಾಂತಿಗೆಲ್ಲ ಸದ್ದೇ ಕಾರಣ ಎಂದು ತೀರ್ಮಾನಿಸುವುದು ಬಹಳ ಜನ ಮಾಡುವ ತಪ್ಪು. ಹೋಳಿಯಲ್ಲಿ ಬಣ್ಣ ಮೈಗೆ ಬಿದ್ದರೆ ಬೆಕ್ಕು ಅದನ್ನು ನೆಕ್ಕಿಯೇ ತೆಗೆಯುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಡಾಕ್ಟರಿಗೆ ತಿಳಿಸಿ. ಗಣಪತಿ ಮಂಟಪದ ಜರಿ, ಹೂವಿನ ಹಾರದ ದಾರ, ಪಟದ ದಾರ ನುಂಗಿದರೆ ಕರುಳು ದಾರದ ಮೇಲೆ ನೆರಿಗೆ ನೆರಿಗೆಯಾಗಿ ಮುದುಡಿ ಹರಿದುಹೋಗುವ ಅಪಾಯವಿದೆ. ಗುದದ್ವಾರದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ, ಕತ್ತರಿಸಲೂ ಬೇಡಿ, ಹಾಗೇ ಕರೆದೊಯ್ಯಿರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರಿನ ತುಂಡು ತಿಂದಿದ್ದರೆ ಹೊಟ್ಟೆ ಕೆಡುವುದರ ಜೊತೆಗೆ ಕೆಂಪು ರಕ್ತಕಣಗಳೂ ಒಡೆಯುತ್ತವೆ. ಅದರ ಲಕ್ಷಣ ಎರಡು ಮೂರು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ: ಒಸಡು ಬಿಳಿಚುವುದು, ಮೂತ್ರ ಕಂದಾಗುವುದು.

ಗಾಬರಿಯೋ ಕಾಯಿಲೆಯೋ: ಮನೆಯಲ್ಲೇ ನೋಡಬಹುದಾದದ್ದು

ಮೊದಲು ಮಲವನ್ನು ನೋಡಿ. ದಿನಕ್ಕೆ ಐದಾರು ಸಲ, ಪ್ರತಿ ಸಲ ಸ್ವಲ್ಪವೇ, ಮೇಲೆ ಲೋಳೆ, ಕೊನೆಯಲ್ಲಿ ಒಂದೆರಡು ಹನಿ ಕೆಂಪು ರಕ್ತ, ಟ್ರೇಗೆ ಓಡುವ ಅವಸರ. ಇದು ದೊಡ್ಡ ಕರುಳಿನ ಭೇದಿ, ಗಾಬರಿಯಿಂದ ಆಗುವುದು ಹೆಚ್ಚಾಗಿ ಈ ಬಗೆಯದು. ಎರಡು ಮೂರು ಸಲ, ಪ್ರತಿ ಸಲ ಬಹಳ, ನೀರು ನೀರು ಅಥವಾ ಜಿಡ್ಡು, ಜೊತೆಗೆ ತೂಕ ಇಳಿಯುತ್ತಿದ್ದರೆ ಅದು ಸಣ್ಣ ಕರುಳಿನದು. ಅದಕ್ಕೆ ಸದ್ದನ್ನು ದೂರುವಂತಿಲ್ಲ, ಕರುಳಿನ ಉರಿಯೂತ, ಥೈರಾಯ್ಡ್, ಕರುಳಿನ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಇವುಗಳನ್ನು ಹುಡುಕಬೇಕಾಗುತ್ತದೆ.

ಎರಡನೆಯದು ತೂಕ. ಒಂದೇ ಒಂದು ವಸ್ತು ಕೊಳ್ಳುವುದಿದ್ದರೆ ಪುಡಿ, ಡಬ್ಬಿ ಎಲ್ಲಕ್ಕಿಂತ ಮೊದಲು ತೂಕದ ಕಾಟಾ ಕೊಳ್ಳಿ. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ಕಾಟಾದ ಮೇಲೆ ನಿಂತು ಕಳೆಯುವ ಲೆಕ್ಕದಲ್ಲಿ 100–200 ಗ್ರಾಂ ಆಚೀಚೆ ಆಗುತ್ತದೆ, ನಮಗೆ ಬೇಕಾದ ಸುಳಿವೇ ಅಷ್ಟರಲ್ಲಿ ಕಳೆದುಹೋಗುತ್ತದೆ. ಬ್ಯಾಗು ತೂಗುವ ಡಿಜಿಟಲ್ ಕೊಕ್ಕೆ ಕಾಟಾಕ್ಕೆ ಗಟ್ಟಿ ಕೈಚೀಲ ಸಿಕ್ಕಿಸಿ ಅದರಲ್ಲಿ ಕೂರಿಸಿದರೂ ನಡೆಯುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನಲ್ಲೇ ಬರೆಯಿರಿ. 4 ಕಿಲೋ ಬೆಕ್ಕು 200 ಗ್ರಾಂ ಇಳಿದರೆ ಅದು ನೂರಕ್ಕೆ ಐದು, 60 ಕಿಲೋ ಮನುಷ್ಯ 3 ಕಿಲೋ ಇಳಿದಂತೆ. ಹಬ್ಬ ಮುಗಿದು ಎರಡು ವಾರವಾದರೂ ತೂಕ ಮರಳದಿದ್ದರೆ ಅದನ್ನು ಗಾಬರಿ ಎನ್ನಬೇಡಿ.

ಚೆನ್ನಾಗಿ ತಿನ್ನುತ್ತದೆ, ಆದರೂ ಒಣಗುತ್ತಿದೆ, ರಾತ್ರಿ ಕೂಗುತ್ತದೆ, ಆಗಾಗ ವಾಂತಿ ಮಾಡುತ್ತದೆ ಎಂದರೆ ಮೊದಲ ಅನುಮಾನ ಥೈರಾಯ್ಡ್ ಮೇಲೆ. ನೀರು ಹೆಚ್ಚು ಕುಡಿಯುತ್ತದೆ, ಟ್ರೇಯ ಮರಳಿನಲ್ಲಿ ಮೂತ್ರದ ಉಂಡೆಗಳು ದೊಡ್ಡದಾಗಿವೆ, ಊಟ ಕಡಿಮೆ ಎಂದರೆ ಮೂತ್ರಪಿಂಡ. ನೀರೂ ಹೆಚ್ಚು, ಊಟವೂ ಹೆಚ್ಚು, ತೂಕ ಕಡಿಮೆ ಎಂದರೆ ಸಕ್ಕರೆ ಕಾಯಿಲೆಯನ್ನೂ ನೋಡಬೇಕು. ‘ಬೆಕ್ಕು ಅಂದಮೇಲೆ ಕೂದಲುಂಡೆ ಕಾರುವುದೇ’ ಎಂದು ವರ್ಷಗಟ್ಟಲೆ ಬಿಟ್ಟವರ ಮನೆಯಲ್ಲಿ ಕರುಳಿನ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಮುದಿ ಬೆಕ್ಕು ತಿಂಗಳಿಗೆ ಎರಡು ಮೂರು ಸಲ ವಾಂತಿ ಮಾಡಿದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದೇ ಲೇಸು.

ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಯೂರಿಯಾ, ಟಿ4 (ಥೈರಾಯ್ಡ್ ಹಾರ್ಮೋನು), ಸಕ್ಕರೆ, ಪೊಟ್ಯಾಸಿಯಂ, ಪೂರ್ಣ ರಕ್ತಕಣ ಎಣಿಕೆ ಮತ್ತು ಮೂತ್ರದ ಸಾಂದ್ರತೆ ಇದ್ದರೆ ಮೊದಲ ಸುತ್ತಿಗೆ ಸಾಕು. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಆಡಿನ ಕೆಲಸವೇ ಹೆಚ್ಚು. ಆದರೂ ರಕ್ತ ತೆಗೆದು ಪ್ರಾಣಿಗಳ ಮಾದರಿ ನೋಡುವ ಲ್ಯಾಬಿಗೆ ಕಳಿಸಲು ಆಗುತ್ತದೆಯೇ ಎಂದು ಕೇಳಿ ನೋಡಿ. ಮನುಷ್ಯರ ಲ್ಯಾಬಿನಲ್ಲೇ ಮಾಡಿಸಿದರೆ ಚೀಟಿಯಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿ ಮನುಷ್ಯರದ್ದು ಎಂಬುದು ನೆನಪಿರಲಿ, ಬೆಕ್ಕಿನ ಅಳತೆ ಬೇರೆ. ಪಶುವೈದ್ಯರೇ ಅದನ್ನು ಓದಬೇಕು.

ಊಟದ ಆಯ್ಕೆಗಳು

ಇಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಎಂದಿನ ಊಟವನ್ನೇ ಸಣ್ಣ ತುತ್ತು ಮಾಡುವುದು, ಬೇಯಿಸಿದ ಕೋಳಿ, ಹೊಟ್ಟೆಗೆಂದೇ ತಯಾರಿಸಿದ ಡಬ್ಬಿ ಆಹಾರ, ಮತ್ತು ಹಾಲು–ಮಜ್ಜಿಗೆ.

ಕೊನೆಯದನ್ನು ಮೊದಲೇ ತಳ್ಳಿಹಾಕೋಣ. ಬೆಳೆದ ಬೆಕ್ಕಿಗೆ ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಬಹಳ ಕಡಿಮೆ. ಒಡೆಯದೆ ಉಳಿದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಮೊಸರಿನಲ್ಲಿ ಅದು ಕಡಿಮೆ ಇರುತ್ತದೆ, ಇಲ್ಲದೇ ಇರುವುದಿಲ್ಲ. ಒಗ್ಗರಣೆ ಹಾಕಿದ, ಉಪ್ಪು ಬೆರೆಸಿದ ಮಜ್ಜಿಗೆಯಂತೂ ಬೇಡವೇ ಬೇಡ. ವರ್ಷಗಳಿಂದ ಹಾಲು ರೊಟ್ಟಿ ತಿಂದೇ ಬೆಳೆದ ಬೆಕ್ಕಿಗೂ ಹೊಟ್ಟೆ ಕೆಟ್ಟ ದಿನಗಳಲ್ಲಿ ಹಾಲು ನಿಲ್ಲಿಸಿ. ಮತ್ತೊಂದು ಮಾತು: ಬೆಕ್ಕು ಮಾಂಸಾಹಾರಿ. ಟೌರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಸೋಲುತ್ತವೆ. ಹಾಲು ರೊಟ್ಟಿ ಅದಕ್ಕೆ ಊಟವಾಗಲಾರದು.

ಎಂದಿನ ಊಟವನ್ನೇ ಮುಂದುವರಿಸುವುದು ಯಾವಾಗ? ಬೆಕ್ಕು ಚುರುಕಾಗಿದೆ, ತಿನ್ನುತ್ತಿದೆ, ಒಂದೆರಡು ಸಲ ಮೆತ್ತಗೆ ಹೋಗಿದೆ ಅಷ್ಟೇ ಎಂದರೆ. ದಿನದ ಪ್ರಮಾಣವನ್ನು ಐದಾರು ಪಾಲು ಮಾಡಿ ಕೊಡಿ. ಗಾಬರಿಗೊಂಡ ಬೆಕ್ಕಿಗೆ ಪರಿಚಿತ ರುಚಿ ಸಮಾಧಾನ ಕೊಡುತ್ತದೆ, ಹೊಸ ಊಟ ಇನ್ನೊಂದು ಬದಲಾವಣೆಯಾಗುತ್ತದೆ. ಬಹಳ ಮನೆಗಳಲ್ಲಿ ಇಷ್ಟರಲ್ಲೇ ಸರಿಹೋಗುತ್ತದೆ, ಆದರೂ ಜನ ಈ ದಾರಿಯನ್ನು ಕಡೆಗೆ ಹಿಡಿಯುತ್ತಾರೆ.

ಬೇಯಿಸಿದ ಕೋಳಿ ಎರಡನೆಯ ಮೆಟ್ಟಿಲು. ಎಲುಬು, ಚರ್ಮ ತೆಗೆದ ಎದೆಯ ಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ. ಉಪ್ಪು, ಅರಿಶಿನ, ಎಣ್ಣೆ, ಬಳ್ಳೊಳ್ಳಿ ಯಾವುದೂ ಬೇಡ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋ ಕ್ಯಾಲರಿ ಬೇಕು. ಬೆಂದ ಎದೆಯ ಮಾಂಸ 100 ಗ್ರಾಮಿಗೆ ಸುಮಾರು 165 ಕೊಡುತ್ತದೆ. ಅಂದರೆ ದಿನಕ್ಕೆ 120 ಗ್ರಾಂ, ಒಂದು ಸಲಕ್ಕೆ 20 ಗ್ರಾಮಿನಂತೆ ಆರು ಸಲ. ಮೊದಲ ದಿನ ಅರ್ಧದಿಂದ ಶುರು ಮಾಡಿ. ಸಣ್ಣಗೆ ಬಿಡಿಸಿ, ಬೇಯಿಸಿದ ನೀರನ್ನೇ ಎರಡು ಚಮಚ ಬೆರೆಸಿ, ಮುಟ್ಟಿದರೆ ಮೈಬಿಸಿಯಷ್ಟು ಬೆಚ್ಚಗಿರುವಾಗ ಇಡಿ. ಮುದಿ ಬೆಕ್ಕಿನ ಮೂಗು ಮಂದವಾಗಿರುತ್ತದೆ, ತಣ್ಣನೆಯ ಊಟದ ವಾಸನೆ ಅದಕ್ಕೆ ತಿಳಿಯುವುದೇ ಇಲ್ಲ. ಮೂರರಿಂದ ಐದು ದಿನಕ್ಕಿಂತ ಮುಂದುವರಿಸಬೇಡಿ, ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು. ಮೂತ್ರಪಿಂಡದ ತೊಂದರೆ ಇದೆಯೆಂದು ಗೊತ್ತಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಅಗ್ಗವೆಂದು ಕೋಳಿಯ ಲಿವರ್ ತಂದು ಕೊಡುವವರಿದ್ದಾರೆ. ಅದು ಜಡ, ಭೇದಿಯನ್ನು ಹೆಚ್ಚಿಸುತ್ತದೆ, ದಿನವೂ ಕೊಟ್ಟರೆ ವಿಟಮಿನ್ ಎ ವಿಷದ ಮಟ್ಟಕ್ಕೆ ಏರುತ್ತದೆ. ಒಣಮೀನಿನಲ್ಲಿ ಉಪ್ಪು ವಿಪರೀತ. ಹಸಿ ಮೀನಿನ ಕೆಲವು ಜಾತಿಗಳಲ್ಲಿ ಬಿ1 ವಿಟಮಿನ್ನನ್ನು ನಾಶ ಮಾಡುವ ಅಂಶವಿದೆ.

ಮನೆಯಲ್ಲಿ ಮಾಂಸ ಬೇಯಿಸದವರು ನಮ್ಮಲ್ಲಿ ಬಹಳ. ಅವರಿಗೆ ಮೂರನೆಯ ದಾರಿಯೇ ಸರಿ: ರಾಯಲ್ ಕ್ಯಾನಿನ್ ಮುಂತಾದ ಕಂಪನಿಗಳ ‘ಗ್ಯಾಸ್ಟ್ರೋ ಇಂಟೆಸ್ಟೈನಲ್’ ಎಂದು ಬರೆದ ಬೆಕ್ಕಿನ ಆಹಾರ. ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ಬರಲು ದಿನ ಹಿಡಿಯುತ್ತದೆ. ಹಬ್ಬಕ್ಕೆ ಎರಡು ವಾರ ಮೊದಲೇ ತರಿಸಿಟ್ಟುಕೊಳ್ಳಿ. ಇದರ ಲಾಭವೆಂದರೆ ಪೂರ್ಣ ಆಹಾರ, ವಾರಗಟ್ಟಲೆ ಕೊಡಬಹುದು. ವರ್ಷಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಕೆಡಿಸಿಕೊಳ್ಳುವ ಬೆಕ್ಕಿಗೆ ಕೋಳಿಗಿಂತ ಇದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಬದಲಾವಣೆಗೆ 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು.

ದೊಡ್ಡ ಕರುಳಿನ ಭೇದಿಗೂ ಮಲಬದ್ಧತೆಗೂ ಒಂದೇ ಮದ್ದು ಮನೆಯಲ್ಲೇ ಇರುತ್ತದೆ: ಇಸಬ್‌ಗೋಲ್. ರುಚಿ, ಸಕ್ಕರೆ ಸೇರಿಸದ ಬರೀ ಹೊಟ್ಟು. ಕಾಲು ಚಮಚವನ್ನು ಎರಡು ಚಮಚ ನೀರಿನಲ್ಲಿ ನೆನೆಸಿ, ಉಬ್ಬಿದ ಮೇಲೆ ಹಸಿ (ಅಂದರೆ ನೀರಿನಂಶವಿರುವ) ಊಟಕ್ಕೆ ಬೆರೆಸಿ ದಿನಕ್ಕೊಮ್ಮೆ. ಒಣಗಿದ್ದನ್ನೇ ಉದುರಿಸಬೇಡಿ, ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಕುಡಿಯದೆ ಒಣಗಿದ ಬೆಕ್ಕಿಗೆ ಮೊದಲು ನೀರಿನ ವ್ಯವಸ್ಥೆಯಾಗಬೇಕು, ಆಮೇಲೆ ನಾರು.

ನೀರಿನ ಲೆಕ್ಕ ಕಿಲೋಗೆ ದಿನಕ್ಕೆ ಸುಮಾರು 50 ಮಿಲಿ, ಹಸಿ ಊಟದಲ್ಲಿರುವ ನೀರೂ ಸೇರಿ. ವಿಜಯಪುರದ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟಿದಾಗ ಎರಡು ಮೂರು ಕಡೆ ಅಗಲ ಬಾಯಿಯ ಮಣ್ಣಿನ ಪಾತ್ರೆ ಇಡಿ, ಊಟದ ಪಕ್ಕವಲ್ಲ, ಟ್ರೇ ಪಕ್ಕವಂತೂ ಅಲ್ಲ. ಹಸಿ ಊಟವನ್ನು ಆ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಬಿಡಬೇಡಿ. ಬೇಸಿಗೆಯ ಭೇದಿಗೆ ಬಟ್ಟಲಲ್ಲಿ ಹುಳಿತ ಊಟವೇ ಕಾರಣವಾಗಿರುವುದು ಅಪರೂಪವಲ್ಲ. ಬಲವಂತವಾಗಿ ಸಿರಿಂಜಿನಿಂದ ನೀರು, ಓಆರ್‌ಎಸ್ ಹೊಯ್ಯುವುದು ಬೇಡ. ಶ್ವಾಸಕೋಶಕ್ಕೆ ಹೋದರೆ ಭೇದಿಗಿಂತ ದೊಡ್ಡ ಕಷ್ಟ. ಒಸಡು ಮುಟ್ಟಿದರೆ ಅಂಟಂಟಾಗಿದೆ ಎಂದರೆ ಡಾಕ್ಟರು ಚರ್ಮದಡಿ ಸಲೈನ್ ಕೊಡಬೇಕು. ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ಮುದಿ ಬೆಕ್ಕಿನಲ್ಲಿ ಮೋಸ ಮಾಡುತ್ತದೆ, ಅದರ ಚರ್ಮ ಮೊದಲೇ ಸಡಿಲ.

ಕೋಣೆಯ ಏರ್ಪಾಡು

ಗಾಬರಿಯೇ ಕಾರಣವಾಗಿದ್ದರೆ, ಕೊಂಡು ತರುವ ಎಲ್ಲ ವಸ್ತುಗಳಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ. ಆದರೆ ಹಬ್ಬದ ದಿನ ಮಾಡಿದರೆ ಫಲವಿಲ್ಲ, ನಾಲ್ಕೈದು ದಿನ ಮೊದಲೇ ಮಾಡಬೇಕು. ಬೆಕ್ಕು ಆ ಜಾಗವನ್ನು ತನ್ನದೆಂದು ಒಪ್ಪಿಕೊಳ್ಳಲು ಅಷ್ಟು ಹೊತ್ತು ಬೇಕು.

ಬೀದಿಯಿಂದ ದೂರದ ಒಳಕೋಣೆ ಆರಿಸಿ. ದೊಡ್ಡ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ, ಬೆನ್ನ ಹಿಂದೆಯೂ ಒಂದು ಕಿಂಡಿ ಕತ್ತರಿಸಿ. ಒಂದೇ ಬಾಗಿಲ ಗೂಡಿನಲ್ಲಿ ಬೆಕ್ಕಿಗೆ ಸಿಕ್ಕಿಬಿದ್ದಂತೆ ಅನಿಸುತ್ತದೆ. ಒಳಗೆ ಅದು ದಿನವೂ ಮಲಗುವ ಕೌದಿಯನ್ನೇ ಹಾಸಿ, ಒಗೆಯದೆ. ಅದರ ಮೈವಾಸನೆಯೇ ಅದಕ್ಕೆ ಧೈರ್ಯ. ಎಳೆಯದಿದ್ದಾಗ ಅಟ್ಟ ಏರುತ್ತಿದ್ದ ಬೆಕ್ಕಿಗೆ ಈಗ ಮಂಡಿ ನೋವಿರುತ್ತದೆ, ಅಡಗುವ ಜಾಗ ನೆಲದಲ್ಲೇ ಅಥವಾ ಒಂದು ಮಣೆಯಷ್ಟು ಎತ್ತರದಲ್ಲಿರಲಿ. ರಾತ್ರಿ ಸಣ್ಣ ದೀಪ ಉರಿಯಲಿ, ಮುದಿ ಕಣ್ಣಿಗೆ ಕತ್ತಲಲ್ಲಿ ಟ್ರೇ ಸಿಗುವುದಿಲ್ಲ.

ಟ್ರೇ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು, ಒಳಹೋಗುವ ಬದಿಯ ಎತ್ತರ 5–8 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಪ್ಲಾಸ್ಟಿಕ್ ಬುಟ್ಟಿಯ ಒಂದು ಬದಿ ಕತ್ತರಿಸಿ ಅಂಚು ಉಜ್ಜಿ ನುಣುಪು ಮಾಡಿದರೂ ಆಯಿತು. ಜರಡಿ ಹಿಡಿದ ಸಣ್ಣ ಮರಳು ನಾಲ್ಕು ಸೆಂಟಿಮೀಟರ್. ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು. ತೊಳೆಯಲು ಫಿನಾಯಿಲ್, ಡೆಟಾಲ್ ಬೇಡ. ಈ ಬಗೆಯ ದ್ರಾವಣಗಳನ್ನು ಬೆಕ್ಕಿನ ಯಕೃತ್ತು ಒಡೆದು ಹೊರಹಾಕಲಾರದು, ಪಂಜದಿಂದ ನೆಕ್ಕಿದಷ್ಟೇ ವಿಷವಾದೀತು. ಬಿಸಿನೀರು, ಸಾಬೂನು ಸಾಕು. ಮನೆಯ ನೆಲಕ್ಕೆ ದಿನವೂ ಫಿನಾಯಿಲ್ ಹಾಕುವ ರೂಢಿ ನಮ್ಮಲ್ಲಿದೆ, ಕಾರಣ ತಿಳಿಯದ ಜೊಲ್ಲು, ವಾಂತಿ ಇದ್ದರೆ ಅದನ್ನೂ ನಿಲ್ಲಿಸಿ ನೋಡಿ.

ಸದ್ದಿನ ರಾತ್ರಿ ದಪ್ಪ ಪರದೆ ಎಳೆದು, ಫ್ಯಾನ್ ಅಥವಾ ರೇಡಿಯೊ ಎಂದಿನ ಮಟ್ಟದಲ್ಲೇ ಇರಲಿ. ಹೊರಗಿನ ಸದ್ದನ್ನು ಮುಳುಗಿಸಲೆಂದು ಜೋರು ಮಾಡಿದರೆ ಎರಡು ಸದ್ದಾಗುತ್ತದೆ ಅಷ್ಟೇ. ಮನುಷ್ಯನ ಕಿವಿ 20 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ಬೆಕ್ಕಿನದು 60ನ್ನೂ ದಾಟುತ್ತದೆ. ನಿಮಗೆ ಕೇಳದ್ದೂ ಅದಕ್ಕೆ ಕೇಳುತ್ತಿರುತ್ತದೆ. ಅಡಗಿದ ಬೆಕ್ಕನ್ನು ಎಳೆದು ತಂದು ತೊಡೆಯ ಮೇಲೆ ಮುದ್ದಿಸಬೇಡಿ. ಪಕ್ಕದಲ್ಲಿ ಸುಮ್ಮನೆ ಕುಳಿತರೆ ಸಾಕು, ಬೇಕಾದರೆ ಅದೇ ಬರುತ್ತದೆ. ಮನೆ ತುಂಬ ನೆಂಟರಿದ್ದರೂ ಊಟದ ಹೊತ್ತು, ಊಟ ಹಾಕುವ ಕೈ ಎರಡೂ ಬದಲಾಗದಿರಲಿ.

ಪ್ರೋಬಯಾಟಿಕ್, ಫೆರೋಮೋನ್, ಶಾಂತಿಯ ಪುಡಿ

ಪ್ರೋಬಯಾಟಿಕ್‌ಗಳಲ್ಲಿ, ಅಂದರೆ ಕರುಳಿಗೆ ಒಳ್ಳೆಯದಾದ ಜೀವಾಣುಗಳ ಪುಡಿಗಳಲ್ಲಿ, ಬೆಕ್ಕಿನ ಮೇಲೆ ಪರೀಕ್ಷಿಸಿದ ತಳಿ ಎಂಟರೊಕಾಕಸ್ ಫೀಸಿಯಂ ಎಸ್‌ಎಫ್68, ಫೋರ್ಟಿಫ್ಲೋರಾ ಪುಡಿಯಲ್ಲಿ ಇರುವುದು ಅದೇ. ದಿನಕ್ಕೊಂದು ಪೊಟ್ಟಣ ಊಟದ ಮೇಲೆ ಉದುರಿಸಿದರೆ ವಾಸನೆಗೇ ಕೆಲವು ಬೆಕ್ಕು ತಿನ್ನತೊಡಗುತ್ತವೆ. ಬಿಸಿ ಊಟಕ್ಕೆ ಹಾಕಿದರೆ ಜೀವಾಣು ಸಾಯುತ್ತವೆ. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡರ ನಡುವೆ ಎರಡು ಗಂಟೆ ಅಂತರ ಬೇಕು. ಗಾಬರಿಯ ಭೇದಿಗೆ ಸಹಾಯಕ, ವಾಂತಿಗೆ ಅಷ್ಟಕ್ಕಷ್ಟೆ. ಹಬ್ಬಕ್ಕೆ ಒಂದು ವಾರ ಮೊದಲು ಶುರು ಮಾಡುವುದು ಜಾಣತನ.

ಫೆರೋಮೋನ್ ಡಿಫ್ಯೂಸರ್, ಅಂದರೆ ಬೆಕ್ಕು ಕೆನ್ನೆ ಉಜ್ಜಿ ಬಿಡುವ ಗುರುತಿನ ಕೃತಕ ರೂಪವನ್ನು ಪ್ಲಗ್ಗಿನಿಂದ ಹರಡುವ ಸಾಧನ. ಒಂದು ಬಾಟಲಿ ಸುಮಾರು 30 ದಿನ, 50–70 ಚದರ ಮೀಟರಿಗೆ. ಇದರ ಬಗ್ಗೆ ನಡೆದ ಸಂಶೋಧನೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕಿಟಕಿ ಮುಚ್ಚಬಹುದಾದ ಫ್ಲಾಟಿನಲ್ಲಿ, ಮುಚ್ಚಿದ ಒಂದೇ ಕೋಣೆಯಲ್ಲಿ ಪ್ರಯತ್ನಿಸಬಹುದು. ಅಂಗಳಕ್ಕೆ ತೆರೆದ ಪಡಸಾಲೆ, ಮೇಲೆ ತಿರುಗುವ ಫ್ಯಾನ್ ಇರುವ ಹಳೆಯ ಮನೆಯಲ್ಲಿ ದುಡ್ಡು ಗಾಳಿಗೆ ಹೋದಂತೆ. ಮಂಚದ ಹಿಂದೆ, ಪರದೆಯ ಕೆಳಗೆ ಸಿಕ್ಕಿಸಬೇಡಿ, ಕನಿಷ್ಠ ಒಂದು ದಿನ ಮೊದಲೇ ಹಚ್ಚಿ. ಸುವಾಸನೆಯ ಎಣ್ಣೆಗಳ ಡಿಫ್ಯೂಸರ್ ಇದಲ್ಲ, ನೀಲಗಿರಿ, ಟೀ ಟ್ರೀ ಎಣ್ಣೆಗಳು ಬೆಕ್ಕಿಗೆ ವಿಷ.

ಹಾಲಿನ ಪ್ರೋಟೀನಿನಿಂದ ತೆಗೆದ ಆಲ್ಫಾ ಕ್ಯಾಸೊಜೆಪೀನ್ ಪುಡಿಯಿಂದ ಅಪಾಯ ಕಡಿಮೆ, ಪರಿಣಾಮವೂ ಮೆದು. ಮನೆ ಬದಲಿಸುವಂಥ ವಾರಗಟ್ಟಲೆಯ ಸಂದರ್ಭಕ್ಕೆ ಹೊಂದುತ್ತದೆ, ಒಂದು ರಾತ್ರಿಯ ಪಟಾಕಿ ಸದ್ದಿಗೆ ಸಾಲದು.

ಔಷಧಿ

ಹೋದ ವರ್ಷ ಹಬ್ಬದಲ್ಲಿ ಎರಡು ದಿನ ಊಟ ಬಿಟ್ಟ ಬೆಕ್ಕಿಗೆ ಈ ವರ್ಷವೂ ಬರೀ ಕೌದಿ ಹಾಸಿ ಕಾಯುವುದು ಸರಿಯಲ್ಲ. ತಾರೀಖು ಮೊದಲೇ ಗೊತ್ತಿರುವ ಭಯಕ್ಕೆ ಪಶುವೈದ್ಯರು ಹೆಚ್ಚಾಗಿ ಗ್ಯಾಬಪೆಂಟಿನ್ ಕೊಡುತ್ತಾರೆ. ಸದ್ದಿಗೆ ಸುಮಾರು ಎರಡು ಗಂಟೆ ಮೊದಲು ಕೊಡಬೇಕು, ಅರ್ಧ ದಿನದವರೆಗೆ ಇರುತ್ತದೆ. ಮೂತ್ರಪಿಂಡ ಸೋತ ಬೆಕ್ಕಿಗೆ ಪ್ರಮಾಣವನ್ನು ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಸಬೇಕಾಗುತ್ತದೆ. ರಕ್ತ ಪರೀಕ್ಷೆ ಮೊದಲು ಎಂದು ಹೇಳುವುದು ಇದಕ್ಕಾಗಿಯೂ ಹೌದು. ಹಬ್ಬವಿಲ್ಲದ ಒಂದು ದಿನ ಕೊಟ್ಟು ನೋಡಿ, ಕೆಲವು ಬೆಕ್ಕು ತೂರಾಡುತ್ತವೆ, ಮೆಟ್ಟಿಲು, ಮಾಳಿಗೆಯ ಬಾಗಿಲು ಮುಚ್ಚಿರಬೇಕು. ಅಸೆಪ್ರೊಮಜಿನ್ ಎಂಬ ಮಂಪರಿನ ಔಷಧಿಯೊಂದನ್ನೇ ಕೊಟ್ಟರೆ ಮೈ ಸೋಲುತ್ತದೆ, ಹೆದರಿಕೆ ಒಳಗೇ ಉಳಿಯುತ್ತದೆ. ಅದು ಆಯ್ಕೆಯಾಗಬಾರದು.

ವಾಂತಿಗೆ ಮ್ಯಾರೊಪಿಟೆಂಟ್ ಅಥವಾ ಒಂಡಾನ್ಸೆಟ್ರಾನ್, ಹಸಿವಿಗೆ ಮಿರ್ಟಜಪೀನ್ ಇವೆ, ಮೂರನ್ನೂ ತೂಕ ನೋಡಿ ಡಾಕ್ಟರೇ ಬರೆಯಬೇಕು. ಭೇದಿ ಎಂದ ಕೂಡಲೇ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಹಾಕುವುದು ಹಳೆಯ ರೂಢಿ. ಸರಳ ಭೇದಿಗೆ ಈಗ ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಕಹಿಗೆ ಬೆಕ್ಕು ನೊರೆ ಕಾರುತ್ತದೆ, ಕರುಳಿನ ಒಳ್ಳೆಯ ಜೀವಾಣುಗಳೂ ಸಾಯುತ್ತವೆ. ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ಒಂದು ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕನ್ನು ಕೊಲ್ಲುತ್ತದೆ. ಐಬುಪ್ರೊಫೆನ್, ಆಸ್ಪಿರಿನ್, ಭೇದಿ ಕಟ್ಟುವ ಲೋಪರಮೈಡ್ ಯಾವುದೂ ಮನೆಯಲ್ಲೇ ನಿರ್ಧರಿಸಿ ಕೊಡುವಂಥದ್ದಲ್ಲ.

ಯಾವ ಸಂದರ್ಭಕ್ಕೆ ಯಾವುದು

ಒಂದು ರಾತ್ರಿಯ ಸದ್ದಿಗೆ ಕೋಣೆಯ ಏರ್ಪಾಡು ಮತ್ತು ಎಂದಿನ ಊಟ. ಹಿಂದೆ ತೀವ್ರವಾಗಿ ಕಷ್ಟಪಟ್ಟಿದ್ದರೆ ಜೊತೆಗೆ ಗ್ಯಾಬಪೆಂಟಿನ್. ಹೋಳಿಯಂಥ ಹಲವು ದಿನಗಳ ಸದ್ದಿಗೆ ಒಂದು ವಾರ ಮೊದಲಿನಿಂದ ಪ್ರೋಬಯಾಟಿಕ್ ಸೇರಿಸಿ.

ಮನೆ ಬದಲಿಸುವುದು, ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಹೋದಷ್ಟು ಹತ್ತಿರವಾದರೂ, ಮುದಿ ಬೆಕ್ಕಿಗೆ ಊರೇ ಬದಲಾದಂತೆ. ಮೊದಲ ವಾರ ಒಂದೇ ಕೋಣೆ, ಹಳೆಯ ಟ್ರೇಯ ಒಂದು ಹಿಡಿ ಮರಳು ಹೊಸ ಟ್ರೇಗೆ, ಊಟ ಬದಲಾವಣೆ ಒಂದು ತಿಂಗಳು ಬೇಡ. ಹೊರಗೆ ಬಿಡಲು ಕನಿಷ್ಠ ಮೂರು ವಾರ ಕಾಯಿರಿ, ಇಲ್ಲವಾದರೆ ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ.

ಮದುವೆಗೆಂದು ಮನೆಯವರೆಲ್ಲ ನಾಲ್ಕು ದಿನ ಊರಿಗೆ ಹೊರಟಾಗ ಮೂರು ದಾರಿ: ಜೊತೆಗೆ ಒಯ್ಯುವುದು, ಬೋರ್ಡಿಂಗಿನಲ್ಲಿ ಬಿಡುವುದು, ಮನೆಯಲ್ಲೇ ಬಿಟ್ಟು ಯಾರಾದರೂ ದಿನಕ್ಕೆ ಎರಡು ಸಲ ಬಂದು ನೋಡುವುದು. ಮೂರನೆಯದೇ ಮೇಲು, ಅದರ ಹತ್ತಿರಕ್ಕೆ ಉಳಿದೆರಡೂ ಬರುವುದಿಲ್ಲ. ನಾಯಿ ಬೊಗಳುವ ಬೋರ್ಡಿಂಗ್ ಮುದಿ ಬೆಕ್ಕಿಗೆ ತೀರ ಕೆಟ್ಟದ್ದು. ಇನ್ಸುಲಿನ್ ಬೇಕಾದ ಬೆಕ್ಕಾದರೆ ಮಾತ್ರ ಕ್ಲಿನಿಕ್‌ನಲ್ಲಿ ಬಿಡಬೇಕಾದೀತು. ಬರುವವರು ಪರಿಚಿತರಾಗಿರಲಿ, ಹೊರಡುವ ಮೊದಲೇ ಎರಡು ಸಲ ಅವರ ಕೈಯಿಂದಲೇ ಊಟ ಹಾಕಿಸಿ. ಎಷ್ಟು ತಿಂದಿತು, ಟ್ರೇಯಲ್ಲಿ ಏನಿತ್ತು ಎಂದು ಫೋಟೊ ಕಳಿಸಲು ಹೇಳಿ.

ಯಾವ ದಾರಿ ಹಿಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ದಿನ ನೋಡಿ. ಕೋಳಿ, ಪುಡಿ, ಹೊಸ ಟ್ರೇ, ಡಿಫ್ಯೂಸರ್ ಎಲ್ಲವನ್ನೂ ಒಂದೇ ದಿನ ತಂದರೆ ಯಾವುದರಿಂದ ಗುಣವಾಯಿತೆಂದು ಮುಂದಿನ ಸಲ ಗೊತ್ತಾಗುವುದಿಲ್ಲ, ಬೆಕ್ಕಿಗಂತೂ ನಾಲ್ಕು ಹೊಸ ಗಾಬರಿ. ಮೂರು ದಿನದಲ್ಲಿ ಭೇದಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ.

ಹೋಗುವಾಗ ಕ್ಯಾರಿಯರನ್ನು ಎರಡು ದಿನ ಮೊದಲೇ ಬಾಗಿಲು ತೆರೆದು ಮನೆಯಲ್ಲಿಡಿ, ಒಳಗೆ ಕೌದಿಯ ತುಂಡು ಹಾಕಿ. ಆಟೋದಲ್ಲಿ ಮೇಲೆ ಟವೆಲ್ ಮುಚ್ಚಿ ಕಾಲ ಬಳಿ ನೆಲದ ಮೇಲಿಡಿ, ಬೈಕಿನ ಹ್ಯಾಂಡಲಿಗೆ ತೂಗುಹಾಕಬೇಡಿ. ಮಲದ ಮಾದರಿಯನ್ನು ಸ್ವಚ್ಛ ಡಬ್ಬಿಯಲ್ಲಿ ನಾಲ್ಕು ಗಂಟೆಯೊಳಗೆ ತಲುಪಿಸಿ, ವಾಂತಿಯ ಫೋಟೊ ಇರಲಿ. ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ವಯಸ್ಸು, ಕಳೆದ ನಾಲ್ಕು ವಾರಗಳ ತೂಕ, ಮೊದಲ ಭೇದಿಯ ದಿನ ಮತ್ತು ಹೊತ್ತು, ದಿನಕ್ಕೆ ಎಷ್ಟು ಸಲ, ಲೋಳೆ ಇದೆಯೇ, ಕೊನೆಯ ಊಟ ಯಾವಾಗ, ನೀರು ಹೆಚ್ಚಾಗಿದೆಯೇ, ಈ ವಾರ ಮನೆಯಲ್ಲಿ ಬದಲಾದದ್ದು ಏನು, ಜಂತಿನ ಔಷಧಿ ಕೊಟ್ಟ ತಾರೀಖು, ಮನೆಯಲ್ಲಿ ಈಗಾಗಲೇ ಕೊಟ್ಟಿರುವುದೆಲ್ಲ, ಒಂದು ಚಮಚ ಮಜ್ಜಿಗೆಯಾದರೂ.